‘ಲೆಫ್ಟ್-ಹ್ಯಾಂಡೆಡ್’ ಅಂದ್ರೆ ಬಿಟ್ಟುಕೊಟ್ಟವನಲ್ಲ

ಇಳಕಲ್ಲಿನ ನಮ್ಮ ಮನೆ ಪಡಸಾಲೆಯಲ್ಲಿ ಒಂಬತ್ತನೇ ಇಯತ್ತೆ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಒಂದು ಸಂಜೆ ‘ಲೆಫ್ಟ್-ಹ್ಯಾಂಡೆಡ್ ಬ್ಯಾಟ್ಸ್‌ಮನ್’ ಅಂತ ಬಂತು. ಅರ್ಥ ಕೇಳಿದೆ.

“ಬಿಟ್ಟುಕೊಟ್ಟ ಬ್ಯಾಟ್ಸ್‌ಮನ್ ರೀ ಟೀಚರ್” ಎಂದಳು ಒಬ್ಬ ಹುಡುಗಿ.

ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಲೀವ್‌ನ ಭೂತಕಾಲ ಲೆಫ್ಟ್. ಹ್ಯಾಂಡ್ ಅಂದ್ರೆ ಕೈಗೆ ಕೊಡು ಅಂತಲೂ ಆಗುತ್ತದೆ. ಕೊನೆಗೆ ‘ಇಡಿ’ ಬಂದರೆ ಭೂತಕಾಲ. ಕಲಿತದ್ದನ್ನು ಅವಳು ಸರಿಯಾಗೇ ಜೋಡಿಸಿದ್ದಳು.

ಬೋರ್ಡಿನ ಮೇಲೆ ‘ಒಕ್ಕಣ್ಣ’ ಅಂತ ಬರೆದೆ. ಒಂದು ಕಣ್ಣುಳ್ಳವ ಒಕ್ಕಣ್ಣ, ಬಹುವ್ರೀಹಿ ಸಮಾಸ, ಕನ್ನಡ ಪಾಠದಲ್ಲಿ ಆಗಿದೆ ಅಲ್ವಾ? ಇಂಗ್ಲಿಷಿನಲ್ಲಿ ಅದೇ ‘ಒನ್-ಐಡ್’. ಇಲ್ಲಿ ‘ಇಡಿ’ ಹತ್ತಿರುವುದು ಕ್ರಿಯಾಪದಕ್ಕಲ್ಲ, ಕಣ್ಣು ಅನ್ನೋ ನಾಮಪದಕ್ಕೆ. ಅದರ ಅರ್ಥ ‘ಉಳ್ಳ’. ಲೆಫ್ಟ್ ಅಂದ್ರೆ ಎಡ, ಹ್ಯಾಂಡ್ ಅಂದ್ರೆ ಕೈ. ಹಂಗಾಗಿ ಎಡಚ.

“ಹಂಗಾರ ನಮ್ಮವ್ವನ ಕೆಂಪು ದಡಿ ಸೀರಿ ರೆಡ್-ಬಾರ್ಡರ್ಡ್ ಸಾರಿ ಏನ್ರಿ?” ಅದೇ ಹುಡುಗಿ. ನನಗಾದ ಖುಷಿ ಅಷ್ಟಿಷ್ಟಲ್ಲ.

ಉಚ್ಚಾರಕ್ಕೆ ಮಾತ್ರ ಜಾಸ್ತಿ ದಿನ ಹಿಡಿಯಿತು. ನಮ್ಮ ಬಾಯಿಗೆ ಪದದ ಕೊನೆಗೊಂದು ಸ್ವರ ಬೇಕೇ ಬೇಕು: ಬಸ್ಸು, ಕಾರು. ಅದಕ್ಕೆ ಮಕ್ಕಳು ‘ಲೆಫ್ಟು-ಹ್ಯಾಂಡೆಡ್ಡು’ ಅಂತಾರೆ. ಎಣಿಸಿದರೆ ಐದು ಸಿಲಬಲ್, ಅಂದ್ರೆ ಒಂದೊಂದು ಸ್ವರದ ಸುತ್ತ ಬರುವ ಉಚ್ಚಾರದ ತುಂಡು. ಇರುವುದು ಮೂರೇ. ಗದ್ದದ ಕೆಳಗೆ ಅಂಗೈ ಇಟ್ಟು ನಿಧಾನ ಹೇಳಿಸಿದೆ: ಲೆಫ್ಟ್, ಹ್ಯಾನ್, ಡಿಡ್. ಪ್ರತಿ ಸ್ವರಕ್ಕೂ ದವಡೆ ಒಮ್ಮೆ ಕೆಳಗಿಳಿದು ಅಂಗೈಗೆ ತಾಗುತ್ತದೆ. ಕೊನೆಯದು ‘ಡೆಡ್’ ಅಲ್ಲ, ‘ಡಿಡ್’. ಒನ್-ಐಡ್‌ಗೆ ಎರಡೇ ಸಲ ತಾಗುತ್ತದೆ.

ಮೂಲ ಪದ ಟ್ ಇಲ್ಲವೇ ಡ್ ಸದ್ದಿಗೆ ಮುಗಿದರೆ ಮಾತ್ರ ‘ಇಡಿ’ಗೆ ತನ್ನದೇ ಸಿಲಬಲ್: ಕೈಂಡ್-ಹಾರ್-ಟಿಡ್. ಇಲ್ಲದಿದ್ದರೆ ಬರೀ ಡ್ ಅಂಟಿಕೊಳ್ಳುತ್ತದೆ, ಫೇಸ್‌ನಂಥ ಪದಕ್ಕೆ ಟ್. ಕ್ರೀಡಾಕೂಟದ ಮೂರು ಕಾಲಿನ ಓಟ ಒಂದು ಬೇರೆ. ‘ಥ್ರೀ-ಲೆಗಿಡ್’, ‘ಥ್ರೀ-ಲೆಗ್ಡ್’ ಎರಡೂ ನಡೆಯುತ್ತವೆ.

ಇನ್ನು ಒತ್ತು. ‘ಹೀ ಈಸ್ ಲೆಫ್ಟ್-ಹ್ಯಾಂಡೆಡ್’ ಅಂದಾಗ ಭಾರ ‘ಹ್ಯಾನ್’ ಮೇಲೆ. ಮುಂದೆ ಬ್ಯಾಟ್ಸ್‌ಮನ್ ಬಂದರೆ ಅದು ಸಾಮಾನ್ಯವಾಗಿ ‘ಲೆಫ್ಟ್’ಗೆ ಸರಿಯುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಹಿಡಿಯಲಿಲ್ಲ. ಭಾರ ಬೀಳುವಲ್ಲಿ ನೆಲಕ್ಕೆ ಜೋರಾಗಿ ಕೈ ಬಡಿಯಿರಿ ಅಂದೆ. ಎರಡನೇ ದಿನಕ್ಕೆ ಪಡಸಾಲೆ ತುಂಬ ಒಂದೇ ತಾಳ. ಆ ಹುಡುಗಿ ಎಡಗೈಯಲ್ಲೇ ಬಡಿಯುತ್ತಿದ್ದಳು. ಅವಳೂ ಎಡಚಿ ಅಂತ ಅವತ್ತೇ ಗೊತ್ತಾಗಿದ್ದು.