ಬಯಲಾಟದ ಫೋಟೊ: ಟ್ರೈಪಾಡ್ ಇಲ್ಲದೆ ಕ್ಯಾಮೆರಾ ಅಲುಗದಂತೆ ಹಿಡಿಯುವುದು

ಯಕ್ಷಗಾನದ ಆಟಕ್ಕೆ ಟ್ರೈಪಾಡ್ ಒಯ್ಯಬೇಡಿ. ಹಿಂದೆ ಕೂತವರಿಗೆ ಮರೆಯಾಗುತ್ತದೆ. ಅವರೂ ನಿದ್ದೆ ಬಿಟ್ಟು ಆಟ ನೋಡಲೆಂದೇ ಬಂದವರು. ಫ್ಲಾಶ್ ಅಂತೂ ಬೇಡವೇ ಬೇಡ, ವೇಷಧಾರಿಯ ಕಣ್ಣಿಗೇ ಹೊಡೆಯುತ್ತದೆ.

ಕೈ ಅಲುಗಿದ್ದು ಕಾಣದಂತೆ ಶಟರ್ ವೇಗ (ಬೆಳಕು ಒಳಗೆ ಬರುವ ಹೊತ್ತು) ಏರಿಸಿದರೆ ಆಯ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲೊಂದು ತೊಡಕಿದೆ. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ರಂಗಸ್ಥಳದ ಟ್ಯೂಬ್‌ಲೈಟು, ಎಲ್‌ಇಡಿಗಳಲ್ಲಿ ಹಲವು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದು. ಸೆಕೆಂಡಿನ 1/500ರಲ್ಲಿ ತೆಗೆದರೆ ಫೋಟೊದಲ್ಲಿ ಪಟ್ಟಿ ಬೀಳಬಹುದು, ಇಲ್ಲವೇ ಒಂದರಿಂದ ಇನ್ನೊಂದಕ್ಕೆ ಬೆಳಕು ಬದಲಾಗಬಹುದು. 1/100ರಲ್ಲಿ ಈ ಕಾಟ ಇಲ್ಲ. ಆದರೆ 85 ಎಂಎಂ ಲೆನ್ಸನ್ನು ಬರಿಗೈಯಲ್ಲಿ ಹಿಡಿದು ಅಲುಗದೆ ತೆಗೆಯಬಹುದಾದ ಅತಿ ನಿಧಾನದ ವೇಗವೂ ಹೆಚ್ಚುಕಡಿಮೆ ಅದೇ. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಕ್ಯಾಮೆರಾ ಆದರೆ 1/125 ಬೇಕಿತ್ತು. ಆ ಕೊರತೆಯನ್ನು ತುಂಬಬೇಕಾದದ್ದು ನಮ್ಮ ಮೈ.

ಮೊದಲು ಕಣ್ಣು ಸರಿ ಮಾಡಿಕೊಳ್ಳಿ. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ಪಕ್ಕ, ಅದನ್ನು ನಮ್ಮ ದೃಷ್ಟಿಗೆ ಹೊಂದಿಸುವ ಡಯಾಪ್ಟರಿನ ಪುಟ್ಟ ಚಕ್ರ ಇರುತ್ತದೆ. ನಲವತ್ತು ದಾಟಿದ ನಮ್ಮಂಥವರಿಗೆ ಇದು ಬಹಳ ಮುಖ್ಯ. ಅದನ್ನು ತಿರುಗಿಸುವಾಗ ರಂಗಸ್ಥಳ ನೋಡಬೇಡಿ, ಒಳಗೆ ಕಾಣುವ ಅಂಕಿಗಳನ್ನು ನೋಡಿ. ಅವು ಚೂಪಾದರೆ ಸಾಕು. ಕನ್ನಡಕ ಹಾಕಿಕೊಂಡೇ ತೆಗೆಯುವವರು ಹಾಕಿಕೊಂಡೇ ಹೊಂದಿಸಿ. ಒಳಗೆ ಮಸುಕಾಗಿ ಕಂಡರೆ ತಲೆ ಹಿಂದೆ ಮುಂದೆ ಹೋಗುತ್ತದೆ, ಜೊತೆಗೆ ಕ್ಯಾಮೆರಾವೂ ಹೋಗುತ್ತದೆ. ಸ್ಪಷ್ಟ ಕಂಡರೆ ಹುಬ್ಬಿಗೆ ಒತ್ತಿಕೊಂಡು ನಿಲ್ಲುತ್ತೀರಿ. ಎರಡು ಕೈಗಳ ಜೊತೆ ಆ ಒತ್ತೇ ಮೂರನೆಯ ಆಸರೆ.

ಎಡಗೈ ಲೆನ್ಸಿನ ಅಡಿಗಿರಲಿ, ಪಕ್ಕಕ್ಕಲ್ಲ. ಎರಡೂ ಮೊಣಕೈ ಪಕ್ಕೆಗೆ ತಾಗಿರಲಿ. ವ್ಯೂಫೈಂಡರ್ ಇಲ್ಲದ ಕ್ಯಾಮೆರಾ ಆದರೆ ಅದರ ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಅದು ಬಿಗಿಯಾಗುವಷ್ಟು ಮುಂದೆ ಚಾಚಿ, ಆಮೇಲೆ ಪರದೆ ನೋಡಿ. ಮೊಬೈಲನ್ನೂ ಎರಡು ಕೈಯಲ್ಲೇ ಹಿಡಿಯಿರಿ, ವಾಲ್ಯೂಮ್ ಬಟನ್ನಿನಿಂದ ಕ್ಲಿಕ್ ಮಾಡಿ.

ನೆಲದಲ್ಲಿ ಕೂತರೆ ಇನ್ನೂ ಒಳ್ಳೆಯದು. ಮೊಣಕಾಲು ಮಡಚಿ, ತೋಳಿನ ಹಿಂಭಾಗದ ಮಾಂಸಲ ಜಾಗವನ್ನು ಮೊಣಕಾಲಿಗೆ ಆನಿಸಿ. ಮೊಣಕೈ ಮೂಳೆಯನ್ನು ಮೊಣಕಾಲ ಚಿಪ್ಪಿನ ಮೇಲೆ ಇಟ್ಟರೆ ಜಾರುತ್ತದೆ. ನಿಂತೇ ತೆಗೆಯುವುದಾದರೆ ಕಂಬಕ್ಕೆ ಭುಜ ಒರಗಿಸಿ, ಆದರೆ ಧ್ವನಿವರ್ಧಕ ಕಟ್ಟಿದ ಕಂಬ ಬೇಡ. ಚೆಂಡೆಯ ಪೆಟ್ಟಿಗೆ ಅದೂ ಅದುರುತ್ತದೆ. ರಂಗಸ್ಥಳದ ಹಲಗೆಗೂ ಕೈ ಊರಬೇಡಿ. ಪ್ರತಿ ಹೆಜ್ಜೆಗೂ ಅದು ಕುಣಿಯುತ್ತದೆ.

ದಾರದ ಉಪಾಯವೂ ಇದೆ. ಕಾಲಿಂಚಿನ, ಇಂಚಿಗೆ 20 ಸುತ್ತಿನ ಬೋಲ್ಟನ್ನು ಕ್ಯಾಮೆರಾದ ಅಡಿಯಲ್ಲಿ ಟ್ರೈಪಾಡಿಗೆಂದು ಇರುವ ತೂತಿಗೆ ಹಾಕಿ, ಅದಕ್ಕೆ ಗಟ್ಟಿ ದಾರ ಕಟ್ಟಿ. ಇನ್ನೊಂದು ತುದಿಯನ್ನು ಪಾದದಡಿ ಮೆಟ್ಟಿ ಮೇಲಕ್ಕೆ ಎಳೆದು ಹಿಡಿಯಿರಿ. ಮೇಲೆ ಕೆಳಗಿನ ನಡುಕ ಚೆನ್ನಾಗಿ ಕಡಿಮೆಯಾಗುತ್ತದೆ. ಬೋಲ್ಟಿನ ಮೊದಲ ನಾಲ್ಕೈದು ಮಿಲಿಮೀಟರ್ ಮಾತ್ರ ಒಳಗೆ ಹೋಗಲಿ, ಬಲವಂತ ಬೇಡ.

ಶಟರ್ ಬಟನ್ನು ಅರ್ಧ ಒತ್ತಿ ಒಂದು ಕ್ಷಣ ಕಾಯಿರಿ. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇದ್ದರೆ ಅದು ಅಷ್ಟರಲ್ಲಿ ನೆಲೆಗೊಳ್ಳುತ್ತದೆ. ಉಸಿರು ಅರ್ಧ ಬಿಟ್ಟು, ಬೆರಳನ್ನು ಮೆತ್ತಗೆ ಒತ್ತಿ ಮೂರು ನಾಲ್ಕು ಫೋಟೊ ಒಟ್ಟಿಗೆ ತೆಗೆಯಿರಿ. ಒತ್ತುವಾಗಿನ ಅಲುಗಾಟ ಮೊದಲನೆಯದಕ್ಕೇ ಜಾಸ್ತಿ, ನಡುವಿನದು ಚೂಪಾಗಿ ಬರುವ ಸಂಭವ ಹೆಚ್ಚು. ಹಾರಿ ತಿರುಗುವ ದಿಗಿಣದಲ್ಲಿ 1/100 ಸಾಲದು. ಅದರ ಬದಲು ಅರ್ಥಗಾರಿಕೆಯಲ್ಲಿ, ಅಂದರೆ ಮಾತಿನ ಭಾಗದಲ್ಲಿ, ವೇಷಧಾರಿ ಮಾತು ಮುಗಿಸಿ ಎದುರಾಳಿಯತ್ತ ನೋಡುವ ಹೊತ್ತಿಗೆ ಕಾಯಿರಿ. ನನಗಂತೂ ಆಟದ ಜೀವ ಇರುವುದೇ ಆ ನೋಟದಲ್ಲಿ.

ತೆಗೆದದ್ದನ್ನು ಅಲ್ಲೇ ಹಿಗ್ಗಿಸಿ ನೋಡಿ. ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ ಜೋಡಿಯಾಗಿ ಕಂಡರೆ ನಿಮ್ಮ ಕೈ ಅಲುಗಿದೆ. ಮುಖ ಚೂಪಾಗಿದ್ದು ಕೈ ಮಾತ್ರ ಕಲಸಿದ್ದರೆ ಕುಣಿದದ್ದು ಅವರು. ಕಿರೀಟ ಸ್ಪಷ್ಟ, ಕಣ್ಣು ಮಸುಕು ಅಂದರೆ ಫೋಕಸ್ ತಪ್ಪಿದೆ. ಸ್ಟೆಬಿಲೈಸೇಶನ್ ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಮದ್ದು. ಕತ್ತಲಲ್ಲಿ ಪರದೆ ಇದ್ದದ್ದಕ್ಕಿಂತ ಬೆಳ್ಳಗೆ ತೋರಿಸುತ್ತದೆ, ಬೆಳಕಿನ ಅಂದಾಜಿಗೆ ಹಿಸ್ಟೋಗ್ರಾಮ್ (ಫೋಟೊದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ. ಪರದೆಯ ಹೊಳಪನ್ನೂ ತಗ್ಗಿಸಿ, ಹಿಂದಿನವರ ಕಣ್ಣಿಗೆ ಕುಕ್ಕದಿರಲಿ.