ಚಿಮಣಿ ಹೊಗೆನ ಲೇಸರ್‌ನಿಂದ ದೂರದಿಂದಲೇ ಅಳೆಯೋದು ಹೇಗೆ

ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರದ ಚಿಮಣಿಯಿಂದ ಎಷ್ಟು ಸಲ್ಫರ್ ಡೈಆಕ್ಸೈಡ್ ಹೊರಗೆ ಬರ್ತಿದೆ ಅಂತ ಮೇಲೆ ಹತ್ತದೇ ಅಳೀಬೇಕು ಅಂದ್ರೆ ಡಯಲ್ ಲೈಡಾರ್ ಬೇಕು, ಅಂದ್ರೆ ಎರಡು ತರಂಗಾಂತರದ ಲೇಸರ್ ಬೆಳಕು ಬಿಟ್ಟು, ಗಾಳೀಲಿ ಚದುರಿ ವಾಪಸ್ ಬರೋ ಬೆಳಕನ್ನ ಹೋಲಿಸಿ ಅನಿಲ ಅಳೆಯೋ ಉಪಕರಣ, ಗಾಡಿ ಮೇಲೆ ಕೂರಿಸಿದ್ದು. 300 ನ್ಯಾನೋಮೀಟರ್ ಆಸುಪಾಸಲ್ಲಿ ಎರಡು ಯುವಿ (ನೇರಳಾತೀತ) ತರಂಗಾಂತರ ಆರಿಸ್ಕೊಳ್ಳಿ, ಒಂದನ್ನ ಈ ಅನಿಲ ಜಾಸ್ತಿ ಹೀರ್ಕೋಬೇಕು ಇನ್ನೊಂದನ್ನ ಕಮ್ಮಿ, ಎರಡೂ ಹತ್ತಿರ ಹತ್ತಿರ ಇರ್ಲಿ, ಇಲ್ಲಾಂದ್ರೆ ಓಝೋನ್, ಧೂಳು ಲೆಕ್ಕ ಕೆಡಿಸ್ತವೆ. ವಾಪಸ್ ಬರೋ ಬೆಳಕಿನ ವ್ಯತ್ಯಾಸದಿಂದ ಅನಿಲದ ಸಾಂದ್ರತೆ, ಬರೋಕೆ ಹಿಡಿದ ಸಮಯದಿಂದ ದೂರ ಸಿಗತ್ತೆ, 1 ಮೈಕ್ರೋಸೆಕೆಂಡ್ ಅಂದ್ರೆ 150 ಮೀಟರ್.

ಗಾಡಿನ ಹೊಗೆಯ ಪಕ್ಕಕ್ಕೆ ನಿಲ್ಲಿಸಿ, ಚಿಮಣಿಯಿಂದ ಗಾಳಿ ಹೋಗೋ ಕಡೆ ಸ್ವಲ್ಪ ಮುಂದೆ ಹೊಗೆನ ಅಡ್ಡಡ್ಡ ಕೆಳಗಿಂದ ಮೇಲಕ್ಕೆ ಸ್ಕ್ಯಾನ್ ಮಾಡಿ. ಗಾಳಿ ಬರೋ ಕಡೆನೂ ಒಂದು ಸ್ಕ್ಯಾನ್ ಬೇಕು, ಬೇರೆ ಕಡೆಯಿಂದ ಬಂದ ಅನಿಲ ಕಳೆಯೋಕೆ.

ಆಮೇಲೆ ಸ್ಕ್ಯಾನ್ ಮಾಡಿದ ಇಡೀ ಅಡ್ಡಕೊಯ್ತದ ಸಾಂದ್ರತೆ ಕೂಡಿಸಿ ಅದಕ್ಕೆ ಅಡ್ಡವಾಗಿ ಹಾಯೋ ಗಾಳಿ ವೇಗದಿಂದ ಗುಣಿಸಿದ್ರೆ ಗಂಟೆಗೆ ಎಷ್ಟು ಕಿಲೋ ಅಂತ ಬರತ್ತೆ. ಇಲ್ಲೇ ತುಂಬಾ ಜನ ಎಡವೋದು: ನೆಲದ ಹತ್ರದ ಗಾಳಿ ತಗೋಬೇಡಿ, ಹೊಗೆ ಇರೋ ಎತ್ತರದ್ದೇ ಬೇಕು, ಗಾಳಿ ವೇಗ 20% ತಪ್ಪಿದ್ರೆ ಉತ್ತರನೂ 20% ತಪ್ಪು. ಗಾಳಿ ಇಲ್ಲದ ದಿನ, ದಟ್ಟ ಮಂಜಿನ ದಿನ ಬಿಟ್ಬಿಡಿ. ಕಿರಣ ಹಾಯೋ ದಾರೀಲಿ ಯಾರೂ ಇರಬಾರದು, ಯುವಿ ಕಣ್ಣಿಗೆ ಕಾಣಲ್ಲ ಆದ್ರೆ ಸುಡತ್ತೆ, ಲೇಸರ್‌ನಿಂದ ಕಣ್ಣು ಕಾಯೋ ಕನ್ನಡಕ ಹಾಕ್ಕೊಂಡೇ ಕೆಲಸ ಶುರು ಮಾಡಿ.