ಹೀರೆಕಾಯಿಗೆ ಮಾತ್ರ ನಾನೇ ಜೇನು

ಜೇನುಪೆಟ್ಟಿಗೆ ತಂದಿದ್ದು ತುಪ್ಪದ ಆಸೆಗಲ್ಲ, ಕುಂಬಳಕಾಯಿ ಮೇಲಿನ ಸಿಟ್ಟಿಗೆ. ಮೈಸೂರಿನಲ್ಲಿ ನಮ್ಮದು 40×60 ಸೈಟು. ಮನೆ ಕಟ್ಟಿ ಉಳಿದ ಹಿತ್ತಲಲ್ಲಿ ಎರಡು ವರ್ಷ ಕುಂಬಳ, ಸೌತೆ ಹಾಕಿದೆ. ಬಳ್ಳಿ ಹಬ್ಬಿದ್ದೇ ಹಬ್ಬಿದ್ದು. ಹೀಚು ಮಾತ್ರ ನಿಂಬೆಹಣ್ಣಿನ ಗಾತ್ರಕ್ಕೆ ಬರುವಷ್ಟರಲ್ಲಿ ಹಳದಿ ತಿರುಗಿ ಉದುರುತ್ತಿತ್ತು. ಗೊಬ್ಬರ ಸಾಲದೇನೋ ಅಂತ ಸುಮ್ನೆ ಸುರಿದೆ. ಮಂಡ್ಯದ ಕಡೆ ತೋಟ ಇರುವ ನಮ್ಮ ಭಾವ ಒಂದು ದಿನ ಬೆಳಿಗ್ಗೆ ಬಂದು ನೋಡಿ, "ಹೂವಿನ ಮೇಲೆ ಒಂದು ಜೇನುನೊಣ ಇಲ್ವಲ್ಲಮ್ಮ, ಕಾಯಿ ಎಲ್ಲಿಂದ ಕಚ್ಚುತ್ತೆ?" ಅಂದರು.

ಅವರೇ ಒಂದು ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು) ಕುಟುಂಬ ಕೊಡಿಸಿದರು. ಎಂಟು ಚೌಕಟ್ಟಿನ ಪೆಟ್ಟಿಗೆ. ಕತ್ತಲಾದ ಮೇಲೆ ತಂದೆವು, ಆಗ ಎಲ್ಲ ನೊಣವೂ ಒಳಗಿರುತ್ತವೆ. ಸಪೋಟ ಮರದ ನೆರಳಲ್ಲಿ, ಬಾಗಿಲು ಪೂರ್ವಕ್ಕೆ. ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಟ್ಟೆ, ಇಲ್ಲದಿದ್ದರೆ ಇರುವೆ ಬಿಡಲ್ಲ.

ಮೊದಲ ತಕರಾರು ಬಂದಿದ್ದು ಪಕ್ಕದ ಮನೆ ಆಂಟಿಯಿಂದ. "ನಿಮ್ಮ ಜೇನು ನೀರು ಕುಡಿಯೋಕೆ ನಮ್ಮ ಬಟ್ಟೆ ಒಗೆಯೋ ಕಲ್ಲಿಗೇ ಬರ್ತಾವೆ ಕಣ್ರೀ!" ನಿಜವೇ. ಒಮ್ಮೆ ಒಂದು ಜಾಗ ಹಿಡಿದರೆ ಅವು ಸುಲಭಕ್ಕೆ ಬಿಡಲ್ಲ. ಮಣ್ಣಿನ ತಟ್ಟೆಗೆ ಜಲ್ಲಿ ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿಟ್ಟೆ. ಎರಡು ವಾರ ತಿರುಗಿಯೂ ನೋಡಲಿಲ್ಲ. ಕೊನೆಗೆ ಆಂಟಿಯನ್ನು ಕೇಳಿಕೊಂಡು ಮೂರು ದಿನ ಅವರ ಕಲ್ಲು ಒಣಗಿಸಿಟ್ಟೆವು, ನನ್ನ ತಟ್ಟೆಗೆ ಚೂರು ಸಕ್ಕರೆ ಕದಡಿದೆ. ಬಂದವು. ಆಮೇಲೆ ಬರೀ ನೀರಿಗೂ ಬಂದವು. ಪೆಟ್ಟಿಗೆ ಇಡುವವರು ಮೊದಲ ದಿನವೇ ತಟ್ಟೆ ಇಡಿ.

ಕುಂಬಳದ ಹೂವು ಬೆಳಕು ಹರಿಯುವಾಗಲೇ ಅರಳುತ್ತದೆ, ಬಿಸಿಲೇರಿದರೆ ಮುದುಡುತ್ತದೆ. ಆರೂವರೆಗೆ ಕಾಫಿ ಲೋಟ ಹಿಡಿದು ನಿಂತರೆ, ನೊಣ ಗಂಡು ಹೂವಿನ ಒಳಗೆ ಧುಮುಕಿ ಪರಾಗದ ಪುಡಿಯನ್ನು ಅರಿಶಿನದ ಹಾಗೆ ಮೆತ್ತಿಕೊಂಡು ಹೊರಗೆ ಬರುವುದು ಕಾಣುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದಲ್ಲ, ಅಲ್ಲಿಗೂ ಅದೇ ಮೈಯಲ್ಲಿ ಹೋಗುತ್ತದೆ. ಆ ಸಲ ಒಂದೇ ಬಳ್ಳಿಯಲ್ಲಿ ಐದು ಕಾಯಿ. ಸೌತೆಯೂ ಸೊಟ್ಟಗಾಗುವುದು ಕಡಿಮೆಯಾಯಿತು.

ಆದರೆ ಹೀರೆ ಕೈಕೊಟ್ಟಿತು. ಅದರ ಹೂವು ಅರಳುವುದೇ ಸಂಜೆ. ಅಷ್ಟು ಹೊತ್ತಿಗೆ ನಮ್ಮ ಜೇನು ಗೂಡು ಸೇರುತ್ತಿರುತ್ತವೆ. ಹಾಗಾಗಿ ಆರು ಗಂಟೆಗೆ ನಾನೇ ಗಂಡು ಹೂವು ಕಿತ್ತು, ಎಸಳು ಸುಲಿದು, ಹೆಣ್ಣು ಹೂವಿಗೆ ಮುಟ್ಟಿಸುತ್ತೇನೆ. "ಅಮ್ಮ ಡ್ಯೂಟಿಗೆ ಹೊರಟಳು" ಅಂತಾನೆ ಮಗ. ಟೊಮೆಟೊ, ಬದನೆಗೂ ತುಡುವೆಯಿಂದ ಅಂಥ ಉಪಯೋಗ ಇಲ್ಲ. ಆ ಹೂವನ್ನು ಗಡಗಡ ಅಲುಗಿಸಿದರೆ ತಾನೇ ಪುಡಿ ಉದುರುವುದು? ಕಪ್ಪು ದುಂಬಿಗೆ ಅದು ಗೊತ್ತು, ತುಡುವೆಗೆ ಗೊತ್ತಿಲ್ಲ. ಒಂದು ಪೆಟ್ಟಿಗೆ ಇಟ್ಟರೆ ಹಿತ್ತಲೆಲ್ಲ ಕಾಯಿ ಅನ್ನುವವರನ್ನು ನಂಬಬೇಡಿ.

ಒಂದು ತಪ್ಪು ಈಗಲೂ ಚುಚ್ಚುತ್ತದೆ. ಬೆಂಡೆಗೆ ಹೇನು ಬಿದ್ದಿತ್ತು. ಅಂಗಡಿಯಲ್ಲಿ ಕೊಟ್ಟ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ತಂದು ಬೆಳಿಗ್ಗೆಯೇ ಹೊಡೆದೆ, ಗಿಡದ ತುಂಬ ಹೂವಿದ್ದಾಗ. ಮಾರನೇ ದಿನ ಪೆಟ್ಟಿಗೆ ಬಾಗಿಲಲ್ಲಿ ರಾಶಿ ನೊಣ, ನಾಲಿಗೆ ಹೊರಚಾಚಿ ಸತ್ತಿದ್ದವು. ಕೆಲವು ಇನ್ನೂ ಗಿರಗಿರ ಸುತ್ತುತ್ತಿದ್ದವು. ಆ ವಿಷವನ್ನು ಗಿಡವೇ ಹೀರಿ ಹೂವಿನ ರಸಕ್ಕೂ ಕಳಿಸುತ್ತದಂತೆ, ಆಮೇಲೆ ತಿಳಿಯಿತು. ಸಂಜೆ ಹೊಡೆದಿದ್ದರೂ ಅಷ್ಟೇ. ಈಗ ಹೇನಿಗೆ ಪೈಪಿನ ನೀರು ಜೋರಾಗಿ ಬಿಡುತ್ತೇನೆ. ಜಗ್ಗದಿದ್ದರೆ ಕತ್ತಲಾದ ಮೇಲೆ ಸೋಪಿನ ನೀರು.

ತುಪ್ಪದ ಲೆಕ್ಕ ಚಿಕ್ಕದು. ನಮ್ಮ ರಸ್ತೆಯ ಹೊಂಗೆ ಹೂ ಬಿಟ್ಟಾಗ ಒಂದೂವರೆ ಕೆಜಿ ತೆಗೆದೆ, ಮೊದಲ ಬಾಟಲಿ ಆಂಟಿಗೆ. ಮಳೆಗಾಲದಲ್ಲಿ ಹೂವಿಲ್ಲದಾಗ ಸಕ್ಕರೆ, ನೀರು ಸಮ ಸಮ ಕಲಸಿ ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇಡಬೇಕು. ಅದು ಖರ್ಚಿನ ಬಾಬ್ತು.

ಈಗ ಎರಿಯ (ಮೇಣದ ಹಲ್ಲೆಯ) ತುದಿಯಲ್ಲಿ ಮೂರು ರಾಣಿ ಕೋಶ, ಅಂದರೆ ಹೊಸ ರಾಣಿ ಬೆಳೆಯುವ ಗೂಡು, ಕಟ್ಟಿವೆ. ಪಾಲು ಹಾರುವ, ಅಂದರೆ ಕುಟುಂಬ ಒಡೆದು ಒಂದು ಗುಂಪು ಹಾರಿಹೋಗುವ ಮುಂಚೆ ಇನ್ನೊಂದು ಪೆಟ್ಟಿಗೆ ಬೇಕು. ಬಡಗಿಗೆ ಹೇಳಿದರೆ ಯುಗಾದಿ ಆಗಲಿ ಅಂತಾನೆ. ಇವು ಅಲ್ಲಿಯವರೆಗೆ ಕಾಯುವ ಹಾಗೆ ಕಾಣಲ್ಲ.